ಪೆರೋವ್‌ಸ್ಕೈಟ್ ಸೋಲಾರ್ ಬರುತ್ತಿದೆ, ಈಗಿನ ಪ್ಯಾನೆಲ್ ಹಾಕಿಸಬೇಡಿ ಎಂಬ ಸಂದೇಶ ಎಷ್ಟು ನಿಜ?

“ಗೋಡೆಗೆ ಬಣ್ಣ ಬಳಿದಂತೆ ಬಳಿದರೆ ಸಾಕು, ಮನೆಗೆಲ್ಲ ಕರೆಂಟ್! ಪೆರೋವ್‌ಸ್ಕೈಟ್ ಎಂಬ ಹೊಸ ಸೋಲಾರ್ ಬರುತ್ತಿದೆ. ಈಗಿನ ಪ್ಯಾನೆಲ್‌ಗೆ ದುಡ್ಡು ಸುರಿದು ಮೋಸ ಹೋಗಬೇಡಿ. ಎಲ್ಲರಿಗೂ ಕಳಿಸಿ.” ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು.

ನಮ್ಮ ತಂಡದ ಒಬ್ಬರ ಸೋದರಮಾವ ದಾವಣಗೆರೆಯಲ್ಲಿದ್ದಾರೆ. ತಾರಸಿ ಮೇಲೆ ಸೋಲಾರ್ ಹಾಕಿಸಲು ಜಾಗ ಅಳೆಸಿ, ಬ್ಯಾಂಕಿನಲ್ಲಿ ಸಾಲದ ಮಾತುಕತೆಯನ್ನೂ ಮುಗಿಸಿದ್ದರು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಇಂಥದ್ದೊಂದು ಸಂದೇಶ ಬಂತು. “ಇನ್ನೆರಡು ವರ್ಷ ಕಾದರೆ ಇದಕ್ಕಿಂತ ಒಳ್ಳೆಯದು ಅಗ್ಗಕ್ಕೆ ಸಿಗುತ್ತದಂತೆ, ಸುಮ್ಮನೆ ಯಾಕೆ ಅವಸರ?” ಎಂದು ಕೆಲಸ ನಿಲ್ಲಿಸಿಬಿಟ್ಟರು. ಆಮೇಲೆ ನಮಗೆ ಫೋನ್ ಮಾಡಿ, “ನೀವೇ ಓದಿ ಹೇಳಿ, ಕಾಯಬೇಕಾ ಬೇಡವಾ?” ಎಂದರು.

ಅವರಿಗಾಗಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಪೆರೋವ್‌ಸ್ಕೈಟ್ ಸುಳ್ಳಲ್ಲ. ಅದು ಈ ಕಾಲದ ದೊಡ್ಡ ಸೋಲಾರ್ ಸಂಶೋಧನೆಗಳಲ್ಲಿ ಒಂದು. ಆದರೆ “ಈಗಿನ ಪ್ಯಾನೆಲ್ ಹಾಕಿಸಬೇಡಿ” ಎಂಬ ಸಲಹೆ ತಪ್ಪು. ಪ್ರಯೋಗಾಲಯದ ದಾಖಲೆಗೂ ನಮ್ಮ ತಾರಸಿಗೂ ನಡುವೆ ಬಹಳ ದೂರವಿದೆ, ಸಂದೇಶ ಆ ದೂರವನ್ನು ಮುಚ್ಚಿಡುತ್ತದೆ.

ಪೆರೋವ್‌ಸ್ಕೈಟ್ ಎಂದರೇನು?

ಇದು ಮೊದಲು ಒಂದು ಕಲ್ಲಿನ ಹೆಸರು. 1839ರಲ್ಲಿ ರಷ್ಯಾದ ಉರಲ್ ಪರ್ವತಗಳಲ್ಲಿ ಸಿಕ್ಕ ಒಂದು ಖನಿಜವನ್ನು ಜರ್ಮನಿಯ ವಿಜ್ಞಾನಿ ಗುಸ್ತಾವ್ ರೋಸ್ ಗುರುತಿಸಿ, ರಷ್ಯಾದ ಲೆವ್ ಪೆರೋವ್‌ಸ್ಕಿ ಅವರ ಹೆಸರನ್ನು ಅದಕ್ಕೆ ಇಟ್ಟರು. ಅದರಲ್ಲಿರುವುದು ಕ್ಯಾಲ್ಸಿಯಂ, ಟೈಟಾನಿಯಂ ಮತ್ತು ಆಮ್ಲಜನಕ.

ಈ ಖನಿಜದೊಳಗೆ ಪರಮಾಣುಗಳು ಜೋಡಿಸಿಕೊಂಡಿರುವ ರೀತಿ ವಿಶೇಷವಾದದ್ದು. ಒಂದು ಚೌಕದ ಡಬ್ಬಿಯನ್ನು ಕಲ್ಪಿಸಿಕೊಳ್ಳಿ. ಎಂಟು ಮೂಲೆಗಳಲ್ಲಿ ಒಂದು ಬಗೆಯ ಪರಮಾಣು, ನಟ್ಟನಡುವೆ ಇನ್ನೊಂದು ಬಗೆಯದು, ಆರು ಮುಖಗಳ ಮಧ್ಯದಲ್ಲಿ ಮೂರನೆಯದು. ಈ ಡಬ್ಬಿ ಹಾಗೆಯೇ ಇದ್ದು, ಒಳಗಿನ ಪರಮಾಣುಗಳನ್ನು ಬದಲಾಯಿಸಿದರೆ ಗುಣವೂ ಬದಲಾಗುತ್ತದೆ. ಮ್ಯಾಂಗನೀಸ್ ಇಟ್ಟರೆ ಅಯಸ್ಕಾಂತದ ಗುಣ ಬರಬಹುದು. ಸೀಸ ಮತ್ತು ಅಯೋಡಿನ್ ಇಟ್ಟರೆ ಬೆಳಕನ್ನು ಚೆನ್ನಾಗಿ ಹೀರುವ ವಸ್ತು ಸಿಗುತ್ತದೆ.

ಹೀಗಾಗಿ ಪೆರೋವ್‌ಸ್ಕೈಟ್ ಎಂಬುದು ಈಗ ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಸೋಲಾರ್‌ಗೆ ಬಳಸುವುದು ಆ ಕುಟುಂಬದ ಕೆಲವೇ ಸದಸ್ಯರನ್ನು. ಅವು ನೆಲದಿಂದ ಅಗೆದು ತೆಗೆದ ಕಲ್ಲುಗಳಲ್ಲ, ಪ್ರಯೋಗಾಲಯದಲ್ಲಿ ತಯಾರಿಸಿದವು.

ಇಷ್ಟು ಸದ್ದು ಯಾಕೆ?

ಮಧ್ಯಾಹ್ನದ ಒಳ್ಳೆಯ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವ್ಯಾಟ್ ಬೆಳಕು ಬೀಳುತ್ತದೆ. ಅದರಲ್ಲಿ 200 ವ್ಯಾಟ್ ಕರೆಂಟ್ ಆದರೆ ಪ್ಯಾನೆಲ್‌ನ ದಕ್ಷತೆ ಶೇ. 20. ಈಗ ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಪ್ಯಾನೆಲ್‌ಗಳ ದಕ್ಷತೆ ಹೆಚ್ಚೂಕಡಿಮೆ ಶೇ. 20ರಿಂದ 23.

2009ರಲ್ಲಿ ಜಪಾನಿನ ತೋಯಿನ್ ಯೊಕೊಹಾಮಾ ವಿಶ್ವವಿದ್ಯಾಲಯದ ತ್ಸುತೊಮು ಮಿಯಾಸಾಕಾ ಅವರ ತಂಡ ಪೆರೋವ್‌ಸ್ಕೈಟ್ ಬಳಸಿ ಸೋಲಾರ್ ಕೋಶ ಮಾಡಿತು. ದಕ್ಷತೆ ಬರೀ ಶೇ. 3.8. ಕೋಶದೊಳಗಿನ ದ್ರವದಲ್ಲಿ ಪೆರೋವ್‌ಸ್ಕೈಟ್ ಕರಗಿಹೋಗುತ್ತಿದ್ದರಿಂದ ಅದು ನಿಮಿಷಗಳಲ್ಲೇ ಹಾಳಾಗುತ್ತಿತ್ತು. ಯಾರೂ ಹೆಚ್ಚು ಗಮನ ಕೊಡಲಿಲ್ಲ. 2012ರಲ್ಲಿ ದಕ್ಷಿಣ ಕೊರಿಯಾದ ನಾಮ್-ಗ್ಯು ಪಾರ್ಕ್ ಮತ್ತು ಬ್ರಿಟನ್ನಿನ ಹೆನ್ರಿ ಸ್ನೇಯ್ತ್ ಅವರ ತಂಡಗಳು ದ್ರವವನ್ನು ಬಿಟ್ಟು ಘನವಸ್ತು ಬಳಸಿ ಶೇ. 10ರ ಆಸುಪಾಸಿಗೆ ತಲುಪಿದವು. ಅಲ್ಲಿಂದ ಓಟ ಶುರುವಾಯಿತು. ಈಗ ಪೆರೋವ್‌ಸ್ಕೈಟ್ ಒಂದನ್ನೇ ಬಳಸಿದ ಕೋಶಗಳು ಪ್ರಯೋಗಾಲಯದಲ್ಲಿ ಶೇ. 26 ದಾಟಿವೆ. ಸಿಲಿಕಾನ್ ಕೋಶಗಳು ಇಲ್ಲಿಗೆ ಬರಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿದಿತ್ತು.

ಇನ್ನೊಂದು ಕಾರಣ ತಯಾರಿಕೆ. ಸಿಲಿಕಾನ್ ಬಿಲ್ಲೆ ಮಾಡಲು 1,400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖದಲ್ಲಿ ಕರಗಿಸಿ, ಹರಳು ಬೆಳೆಸಿ, ತೆಳುವಾಗಿ ಕೊಯ್ಯಬೇಕು. ಪೆರೋವ್‌ಸ್ಕೈಟನ್ನು ದ್ರಾವಣ ಮಾಡಿ, ಕಾವಲಿ ಮೇಲೆ ದೋಸೆ ಹಿಟ್ಟು ಹರಡಿದಂತೆ ಗಾಜಿನ ಮೇಲೆ ಹರಡಿ, ಸುಮಾರು 100 ಡಿಗ್ರಿಯಲ್ಲಿ ಒಣಗಿಸಬಹುದು. ಬೇಕಾಗುವ ದಪ್ಪವೂ ಕಡಿಮೆ. ಸಿಲಿಕಾನ್ ಬಿಲ್ಲೆ ಸುಮಾರು 150 ಮೈಕ್ರಾನ್ ಇದ್ದರೆ, ಪೆರೋವ್‌ಸ್ಕೈಟ್ ಪೊರೆಗೆ ಅರ್ಧ ಮೈಕ್ರಾನ್ ಸಾಕು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ.

“ಗೋಡೆಗೆ ಬಣ್ಣ ಬಳಿದಂತೆ” ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಆದರೆ ಈ ಪೊರೆ ಒಂದೇ ಇದ್ದರೆ ಕರೆಂಟ್ ಬರುವುದಿಲ್ಲ. ಅದರ ಕೆಳಗೆ ಮೇಲೆ ವಿದ್ಯುತ್ ಸಾಗಿಸುವ ಪದರಗಳು ಬೇಕು, ಲೋಹದ ತಂತಿ ಬೇಕು, ನೀರು ಗಾಳಿ ನುಗ್ಗದಂತೆ ಬಿಗಿಯಾದ ಹೊದಿಕೆ ಬೇಕು. ಡಬ್ಬಿ ತೆರೆದು ಬ್ರಶ್ಶಿನಲ್ಲಿ ಗೋಡೆಗೆ ಬಳಿಯುವ ಸೋಲಾರ್ ಬಣ್ಣ ಮಾರುಕಟ್ಟೆಯಲ್ಲಿಲ್ಲ. ಅಂಥದ್ದನ್ನು ಮಾರುತ್ತೇವೆ, ಮುಂಗಡ ಕೊಡಿ ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

ಶತ್ರುವಲ್ಲ, ಜೊತೆಗಾರ

ಸಂದೇಶ ಮಾಡುವ ದೊಡ್ಡ ತಪ್ಪು ಇದು. ಪೆರೋವ್‌ಸ್ಕೈಟ್ ಬಂದು ಸಿಲಿಕಾನನ್ನು ಓಡಿಸುತ್ತದೆ ಎನ್ನುತ್ತದೆ. ಆದರೆ ಅತಿ ದೊಡ್ಡ ದಾಖಲೆಗಳು ಬಂದಿರುವುದು ಎರಡನ್ನೂ ಒಂದರ ಮೇಲೊಂದು ಇಟ್ಟಾಗ.

ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. ನೀಲಿ ಬೆಳಕಿನಲ್ಲಿ ಶಕ್ತಿ ಹೆಚ್ಚು, ಕೆಂಪಿನಲ್ಲಿ ಕಡಿಮೆ. ಸಿಲಿಕಾನ್ ಕೆಂಪು ಬೆಳಕನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಆದರೆ ನೀಲಿಯ ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತದೆ. ಹೀಗಾಗಿ ಒಂದೇ ವಸ್ತುವಿನ ಕೋಶಕ್ಕೆ ಸುಮಾರು ಶೇ. 33ರ ಮೇಲೆ ಹೋಗಲು ಪ್ರಕೃತಿಯೇ ಬಿಡುವುದಿಲ್ಲ. ಸಿಲಿಕಾನ್ ಮಟ್ಟಿಗೆ ಈ ಮಿತಿ ಶೇ. 29ರ ಆಸುಪಾಸು.

ಇದಕ್ಕೆ ಉಪಾಯ ಎರಡು ಜರಡಿ ಇಟ್ಟಂತೆ. ಮೇಲಿನ ಪೆರೋವ್‌ಸ್ಕೈಟ್ ಪೊರೆ ನೀಲಿ, ಹಸಿರು ಬೆಳಕನ್ನು ಹಿಡಿದುಕೊಳ್ಳುತ್ತದೆ. ಅದರಿಂದ ತಪ್ಪಿಸಿಕೊಂಡು ಕೆಳಗಿಳಿದ ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸಿಲಿಕಾನ್ ಹಿಡಿಯುತ್ತದೆ. ಇಂಥ ಜೋಡಿ ಕೋಶವನ್ನು ಟ್ಯಾಂಡೆಮ್ ಎನ್ನುತ್ತಾರೆ. ಚೀನಾದ ಲೋಂಗಿ ಕಂಪನಿಯ ಟ್ಯಾಂಡೆಮ್ ಕೋಶ 2023ರ ನವೆಂಬರ್‌ನಲ್ಲಿ ಶೇ. 33.9, 2024ರಲ್ಲಿ ಶೇ. 34.6 ದಕ್ಷತೆ ತೋರಿಸಿತು. ನಮ್ಮ ದೇಶದಲ್ಲಿ ಐಐಟಿ ಬಾಂಬೆಯ ಸಂಶೋಧಕರೂ ಇಂಥ ಜೋಡಿ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದಾರೆ.

ಅಂದರೆ ಮುಂದೆ ಬರುವ ಪ್ಯಾನೆಲ್‌ನಲ್ಲೂ ಬಹುಶಃ ಸಿಲಿಕಾನ್ ಇರುತ್ತದೆ.

ದಾಖಲೆ ಕೇಳಿದ ಕೂಡಲೇ ಎರಡು ಪ್ರಶ್ನೆ

ಮೊದಲನೆಯದು: ಎಷ್ಟು ದೊಡ್ಡದು? ದಾಖಲೆ ಮಾಡುವ ಟ್ಯಾಂಡೆಮ್ ಕೋಶಗಳು ಸಾಮಾನ್ಯವಾಗಿ ಸುಮಾರು ಒಂದು ಚದರ ಸೆಂಟಿಮೀಟರ್. ಕೈಬೆರಳಿನ ಉಗುರಿನಷ್ಟು. ತಾರಸಿಯ ಒಂದು ಪ್ಯಾನೆಲ್ ಎರಡು ಚದರ ಮೀಟರ್, ಅಂದರೆ ಅದರ 20,000 ಪಟ್ಟು. ಉಗುರಿನಷ್ಟು ಜಾಗದಲ್ಲಿ ಪೊರೆಯನ್ನು ಒಂದೇ ಸಮ ಹರಡುವುದು ಬೇರೆ, ಬಾಗಿಲಿನಷ್ಟು ಜಾಗದಲ್ಲಿ ಹರಡುವುದು ಬೇರೆ. ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತು ಬಿದ್ದರೂ ಕರೆಂಟ್ ಸೋರುತ್ತದೆ. ಆಕ್ಸ್‌ಫರ್ಡ್ ಪಿವಿ ಎಂಬ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ಟ್ಯಾಂಡೆಮ್ ಪ್ಯಾನೆಲ್‌ಗಳನ್ನು ಮೊದಲ ಬಾರಿ ಗ್ರಾಹಕರಿಗೆ ಕಳಿಸಿತು. ಅವು ಹೋದದ್ದು ಅಮೆರಿಕಕ್ಕೆ. ಆ ಪ್ಯಾನೆಲ್‌ಗಳ ದಕ್ಷತೆ ಶೇ. 24.5. ಇದು ಒಳ್ಳೆಯ ಸಾಧನೆಯೇ. ಆದರೆ ಉಗುರಿನಷ್ಟು ಕೋಶದ ಶೇ. 34 ಪೂರ್ಣ ಪ್ಯಾನೆಲ್ ಆಗುವಾಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ.

ಎರಡನೆಯದು: ಎಷ್ಟು ಕಾಲ ಬಾಳುತ್ತದೆ? ಸಿಲಿಕಾನ್ ಪ್ಯಾನೆಲ್‌ಗೆ ಕಂಪನಿಗಳು ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತವೆ. ಪೆರೋವ್‌ಸ್ಕೈಟ್‌ಗೆ ತೇವ, ಶಾಖ, ನೇರಳಾತೀತ ಬೆಳಕು ಮೂರೂ ಆಗುವುದಿಲ್ಲ. ತೇವ ತಾಗಿದರೆ ಕಪ್ಪು ಪೊರೆ ಹಳದಿಗೆ ತಿರುಗುತ್ತದೆ. ಆ ಹಳದಿ ಎಂದರೆ ಡಬ್ಬಿಯಂಥ ಆ ಜೋಡಣೆ ಮುರಿದು ಸೀಸದ ಅಯೋಡೈಡ್ ಆಗಿದೆ ಎಂದರ್ಥ, ಅಲ್ಲಿಗೆ ಆ ಕೋಶದ ಕತೆ ಮುಗಿಯಿತು.

ಪ್ಯಾನೆಲ್‌ಗಳಿಗೆ ಒಂದು ಅಂತರರಾಷ್ಟ್ರೀಯ ಪರೀಕ್ಷೆಯಿದೆ. 85 ಡಿಗ್ರಿ ಶಾಖ, ಶೇ. 85 ತೇವಾಂಶದಲ್ಲಿ 1,000 ಗಂಟೆ, ಅಂದರೆ ಸುಮಾರು 42 ದಿನ ಇಡುತ್ತಾರೆ. ಕೆಲವು ಪೆರೋವ್‌ಸ್ಕೈಟ್ ಪ್ಯಾನೆಲ್‌ಗಳು ಇಂಥ ಪರೀಕ್ಷೆಗಳನ್ನು ದಾಟಿವೆ. ಆದರೆ 42 ದಿನದ ಪರೀಕ್ಷೆ 25 ವರ್ಷದ ಅನುಭವವಾಗುವುದಿಲ್ಲ. ನಮ್ಮ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ತಾರಸಿಯ ಪ್ಯಾನೆಲ್ ಅದಕ್ಕಿಂತ 20ರಿಂದ 30 ಡಿಗ್ರಿ ಹೆಚ್ಚು ಕಾಯುತ್ತದೆ. ಮಂಗಳೂರು, ಉಡುಪಿಯಲ್ಲಿ ತಿಂಗಳುಗಟ್ಟಲೆ ಮಳೆ, ತೇವ. ಈ ವಸ್ತುವಿನ ಇಬ್ಬರೂ ಶತ್ರುಗಳು ನಮ್ಮ ರಾಜ್ಯದಲ್ಲೇ ಇದ್ದಾರೆ.

ಪದರ ಪದರವಾಗಿ ಕಟ್ಟಿದರೆ?

ತೇವದ ಸಮಸ್ಯೆಗೆ ಒಂದು ಪರಿಹಾರ ಪದರಗಳಲ್ಲಿದೆ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹೇಮಮಾಲಾ ಕರುಣದಾಸ ಅವರ ತಂಡ ಪೆರೋವ್‌ಸ್ಕೈಟ್ ಹಾಳೆಗಳ ನಡುವೆ ದೊಡ್ಡ ಸಾವಯವ ಅಣುಗಳನ್ನು ಇಟ್ಟು ಸೋಲಾರ್ ಕೋಶ ಮಾಡಿತು. ಪುಸ್ತಕದ ಹಾಳೆಗಳ ನಡುವೆ ಮೇಣದ ಕಾಗದ ಇಟ್ಟ ಹಾಗೆ. ನೀರನ್ನು ದೂರವಿಡುವ ಆ ಅಣುಗಳಿಂದಾಗಿ ವಸ್ತು ತೇವವನ್ನು ಹೆಚ್ಚು ತಡೆದುಕೊಂಡಿತು. ಆದರೆ ದಕ್ಷತೆ ಶೇ. 5ಕ್ಕಿಂತ ಕಡಿಮೆ. ನೀರನ್ನು ತಡೆಯುವ ಪದರ ಕರೆಂಟನ್ನೂ ತಡೆಯಿತು. ಹಾಗಾಗಿ ಈಗ ಅನೇಕರು ಒಳಗೆ ಮಾಮೂಲಿ ಪೆರೋವ್‌ಸ್ಕೈಟ್, ಹೊರಗೆ ಮಾತ್ರ ತೆಳುವಾದ ಪದರ ಪೆರೋವ್‌ಸ್ಕೈಟ್ ಇಟ್ಟು ಎರಡರ ಲಾಭವನ್ನೂ ಪಡೆಯಲು ನೋಡುತ್ತಿದ್ದಾರೆ.

ಪದರಗಳಿರುವ ಪೆರೋವ್‌ಸ್ಕೈಟ್ ಬಂಧುಗಳ ಕತೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ ಪದರ ರಚನೆಯ ಆಕ್ಸೈಡ್‌ಗಳ ಕಾಂತೀಯ ಗುಣಗಳನ್ನು ಅಧ್ಯಯನ ಮಾಡಿ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಅಂಥ ಆಕ್ಸೈಡ್‌ಗಳಲ್ಲಿ ಒಂದು ಲ್ಯಾಂಥನಮ್ ಮತ್ತು ತಾಮ್ರ ಸೇರಿದ್ದು. 1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್‌ನಾರ್ಜ್ ಮತ್ತು ಮ್ಯುಲರ್ ಅದೇ ಬಗೆಯ ವಸ್ತುವಿಗೆ ಬೇರಿಯಂ ಸೇರಿಸಿದಾಗ, ಅದು ಅಲ್ಲಿಯವರೆಗೆ ಯಾವ ವಸ್ತುವೂ ತೋರದಷ್ಟು ಹೆಚ್ಚಿನ ತಾಪಮಾನದಲ್ಲಿ ಅತಿವಾಹಕವಾಯಿತು, ಅಂದರೆ ಅಡೆತಡೆಯೇ ಇಲ್ಲದೆ ಕರೆಂಟ್ ಹರಿಸಿತು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಆ “ಹೆಚ್ಚಿನ ತಾಪಮಾನ” ಎಂದರೆ ಸೊನ್ನೆಗಿಂತ 230 ಡಿಗ್ರಿಗೂ ಹೆಚ್ಚು ಕೆಳಗೆ! ವಿಜ್ಞಾನಿಗಳ ಮಾತನ್ನು ಸಂದರ್ಭ ಬಿಟ್ಟು ಓದಿದರೆ ಎಷ್ಟು ದಾರಿ ತಪ್ಪಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಅಯಸ್ಕಾಂತದ ಉಚಿತ ಕರೆಂಟ್

ಸೋಲಾರ್ ಸಂದೇಶದ ಜೊತೆಗೆ ಇನ್ನೊಂದು ವಿಡಿಯೋ ಬರುವುದುಂಟು. ಅಯಸ್ಕಾಂತದ ತುಂಡುಗಳನ್ನು ಚಕ್ರಕ್ಕೆ ಅಂಟಿಸಿದರೆ ಅದು ತಾನೇ ತಿರುಗುತ್ತಾ ಬಲ್ಬು ಹೊತ್ತಿಸುತ್ತದಂತೆ. “ವಿಜ್ಞಾನಿಗಳು ಪರಮಾಣುವಿನಷ್ಟು ತೆಳುವಾದ ಅಯಸ್ಕಾಂತ ಕಂಡುಹಿಡಿದಿದ್ದಾರೆ” ಎಂಬ ನಿಜವಾದ ಸುದ್ದಿಯನ್ನು ಇದಕ್ಕೆ ಜೋಡಿಸಿದರೆ ನಂಬುವಂತೆಯೇ ಕಾಣುತ್ತದೆ.

ನಿಜವಾದ ಸುದ್ದಿ ಹೀಗಿದೆ. ಕ್ರೋಮಿಯಂ ಮತ್ತು ಅಯೋಡಿನ್ ಸೇರಿದ ಕ್ರೋಮಿಯಂ ಟ್ರೈಅಯೋಡೈಡ್ ಈರುಳ್ಳಿಯಂತೆ ಪದರ ಪದರವಾಗಿರುತ್ತದೆ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂಟುವ ಟೇಪಿನಿಂದ ಅದರ ಒಂದೇ ಒಂದು ಪದರವನ್ನು ಬಿಡಿಸಿ ನೋಡಿದರು. ಅಷ್ಟು ತೆಳುವಾದರೂ ಅದು ಅಯಸ್ಕಾಂತವಾಗಿಯೇ ಇತ್ತು. ಎರಡು ಪದರ ಇದ್ದಾಗ ಒಂದರ ಕಾಂತಗುಣ ಇನ್ನೊಂದಕ್ಕೆ ಎದುರಾಗಿ ನಿಂತು ರದ್ದಾಗುತ್ತಿತ್ತು. ಮೂರು ಪದರವಾದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಕಂಪ್ಯೂಟರಿನ ಮೆಮೊರಿಯನ್ನು ಇನ್ನಷ್ಟು ಚಿಕ್ಕದಾಗಿಸಲು ಇದು ದಾರಿಯಾದೀತು ಎಂಬ ಆಸೆ ವಿಜ್ಞಾನಿಗಳದ್ದು.

ಆದರೆ ಇಲ್ಲೂ ಷರತ್ತುಗಳಿವೆ. ಒಂದೇ ಪದರಕ್ಕೆ ಈ ಗುಣ ಇರುವುದು ಮೈನಸ್ 228 ಡಿಗ್ರಿಗಿಂತ ಕೆಳಗೆ ಮಾತ್ರ. ತೆರೆದ ಗಾಳಿಯಲ್ಲಿಟ್ಟರೆ ಅದು ಬೇಗನೆ ಹಾಳಾಗುತ್ತದೆ. ಸೋಲಾರ್ ಪೆರೋವ್‌ಸ್ಕೈಟ್‌ನಂತೆ ಇದಕ್ಕೂ ತೇವ ಆಗುವುದಿಲ್ಲ. ಮುಖ್ಯವಾಗಿ, ಇದರಿಂದ ಯಾರೂ ಉಚಿತ ಕರೆಂಟ್ ತೆಗೆದಿಲ್ಲ.

ಯಾವ ಅಯಸ್ಕಾಂತದಿಂದಲೂ ತೆಗೆಯಲಾಗದು. ಜನರೇಟರಿನಲ್ಲಿ ಅಯಸ್ಕಾಂತ ಇರುವುದು ನಿಜ, ಆದರೆ ಅದನ್ನು ಯಾರಾದರೂ ತಿರುಗಿಸಲೇಬೇಕು. ಶಿವನಸಮುದ್ರದಲ್ಲಿ 1902ರಿಂದ ಆ ಕೆಲಸ ಮಾಡುತ್ತಿರುವುದು ಕಾವೇರಿಯ ನೀರು. ನೀರು ನಿಂತರೆ ಕರೆಂಟೂ ನಿಲ್ಲುತ್ತದೆ. ವಿಡಿಯೋದಲ್ಲಿ ಚಕ್ರ ತಿರುಗುತ್ತಿದ್ದರೆ ಎಲ್ಲೋ ಬ್ಯಾಟರಿಯೋ ಮೋಟಾರೋ ಅಡಗಿದೆ ಎಂದೇ ಅರ್ಥ.

ಸೀಸ ವಿಷವಲ್ಲವೇ?

ಇದಕ್ಕೆ ವಿರುದ್ಧವಾದ ಸಂದೇಶವೂ ಇದೆ: “ಹೊಸ ಸೋಲಾರ್‌ನಲ್ಲಿ ಸೀಸವಿದೆ, ಮಕ್ಕಳಿಗೆ ಅಪಾಯ.” ಸೀಸ ವಿಷ ಹೌದು. ಇಷ್ಟರವರೆಗೆ ಸುರಕ್ಷಿತ ಎಂದು ಹೇಳಬಹುದಾದ ಪ್ರಮಾಣವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪ್ಯಾನೆಲ್‌ನಲ್ಲಿ ಎಷ್ಟಿರುತ್ತದೆ? ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದಲ್ಲಿ ಅರ್ಧ ಮೈಕ್ರಾನ್ ಪೊರೆ ಎಂದರೆ ಸುಮಾರು 2 ಗ್ರಾಂ ಪೆರೋವ್‌ಸ್ಕೈಟ್. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು 0.7 ಗ್ರಾಂ ಸೀಸ. 15 ಚದರ ಮೀಟರ್ ತಾರಸಿಗೆ 10 ಗ್ರಾಂ ಆಸುಪಾಸು. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯಲ್ಲಿ ಸೀಸ ಕೆಜಿಗಟ್ಟಲೆ ಇರುತ್ತದೆ. ಹಾಗೆಂದು ಕಡೆಗಣಿಸುವಂತಿಲ್ಲ. ಪೆರೋವ್‌ಸ್ಕೈಟ್‌ನ ಸೀಸ ನೀರಿನಲ್ಲಿ ಕರಗಬಲ್ಲದು. ಗಾಜು ಒಡೆದ ಪ್ಯಾನೆಲ್ ಮಳೆಗೆ ಬಿದ್ದಿದ್ದರೆ ಮಣ್ಣಿಗೆ ಸೇರಬಹುದು. ಆದ್ದರಿಂದಲೇ ಗಟ್ಟಿ ಹೊದಿಕೆ, ಹಳೆಯ ಪ್ಯಾನೆಲ್‌ಗಳನ್ನು ವಾಪಸ್ ಪಡೆಯುವ ವ್ಯವಸ್ಥೆ, ಸೀಸದ ಬದಲು ತವರ ಬಳಸುವುದು ಇವೆಲ್ಲದರ ಮೇಲೂ ಕೆಲಸ ನಡೆದಿದೆ. ಹೆದರಬೇಕಾಗಿಲ್ಲ, ಎಚ್ಚರ ತಪ್ಪಬಾರದು ಅಷ್ಟೆ.

ಹಾಗಾದರೆ ಕಾಯಬೇಕೋ, ಹಾಕಿಸಬೇಕೋ?

ದಾವಣಗೆರೆಯ ಮಾವನಿಗೆ ನಾವು ಹೇಳಿದ್ದು ಇಷ್ಟು. ನಿಮ್ಮ ನಿರ್ಧಾರಕ್ಕೆ ಪೆರೋವ್‌ಸ್ಕೈಟನ್ನು ಕಾರಣ ಮಾಡಬೇಡಿ, ನಿಮ್ಮ ಕರೆಂಟ್ ಬಿಲ್ಲನ್ನು ಕಾರಣ ಮಾಡಿ.

ಮೊದಲು ಹಿಂದಿನ 12 ತಿಂಗಳ ಬಿಲ್ ತೆಗೆದು ನೋಡಿ. ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಸೋಲಾರ್‌ನಿಂದ ಕೈಗೆ ಉಳಿಯುವ ಹಣ ಕಡಿಮೆ. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿರುವ ಮನೆಗಳಿಗೆ ಲೆಕ್ಕ ಬೇರೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಆಸುಪಾಸು ಕೊಡುತ್ತದೆ. 3 ಕಿಲೋವ್ಯಾಟ್ ಹಾಕಿಸಿದರೆ ತಿಂಗಳಿಗೆ ಸುಮಾರು 360 ಯೂನಿಟ್.

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಯೋಜನೆಯ ನಿಯಮಗಳು ಬದಲಾಗಬಹುದು, ಆದ್ದರಿಂದ ಹಣ ಕಟ್ಟುವ ಮೊದಲು ಅಧಿಕೃತ ಜಾಲತಾಣದಲ್ಲೋ ನಿಮ್ಮ ಎಸ್ಕಾಂ ಕಚೇರಿಯಲ್ಲೋ ವಿಚಾರಿಸಿ. ಲೆಕ್ಕ ಕೂಡಿಬಂದರೆ ಹಾಕಿಸಿ. ಮುಂದೆ ಒಳ್ಳೆಯ ಪ್ಯಾನೆಲ್ ಬಂದರೂ ನೀವು ಹಾಕಿಸಿದ್ದು ಕೆಲಸ ನಿಲ್ಲಿಸುವುದಿಲ್ಲ. ಕಾದ ಪ್ರತಿ ತಿಂಗಳೂ ಬಿಲ್ ಮಾತ್ರ ಕಟ್ಟಲೇಬೇಕು.

ಮಾವ ಬಿಲ್‌ಗಳನ್ನು ಹುಡುಕಿ ತೆಗೆದರು. ಬೇಸಿಗೆಯಲ್ಲಿ 280, ಮಳೆಗಾಲದಲ್ಲಿ 220 ಯೂನಿಟ್. ಯಾವ ತಿಂಗಳೂ 200ರ ಒಳಗೆ ಇಳಿದಿರಲಿಲ್ಲ. ನಿಲ್ಲಿಸಿದ್ದ ಕೆಲಸಕ್ಕೆ ಮತ್ತೆ ಫೋನ್ ಮಾಡಿದ್ದಾರೆ.

ಮುಂದೆ ಕಳಿಸುವ ಮುನ್ನ

ಹೊಸ ಆವಿಷ್ಕಾರದ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ದಾಖಲೆ ಮಾಡಿದ ವಸ್ತು ಎಷ್ಟು ದೊಡ್ಡದು? ಎಷ್ಟು ಕಾಲ ಬಾಳಿತು? ಯಾವ ತಾಪಮಾನದಲ್ಲಿ ಕೆಲಸ ಮಾಡಿತು? ಅದು ಅಂಗಡಿಯಲ್ಲಿ ವಾರಂಟಿ ಸಮೇತ ಸಿಗುತ್ತದೆಯೇ? ಈ ನಾಲ್ಕಕ್ಕೂ ಉತ್ತರವಿಲ್ಲದೆ “ಇದನ್ನು ಕೊಳ್ಳಿ” ಅಥವಾ “ಅದನ್ನು ಕೊಳ್ಳಬೇಡಿ” ಎನ್ನುವ ಸಂದೇಶ ನಿಮ್ಮ ಗ್ರೂಪಿನಲ್ಲಿ ಯಾರದೋ ಸೋದರಮಾವನ ಕೆಲಸ ನಿಲ್ಲಿಸಬಹುದು. ಅದನ್ನು ಕಳಿಸುವ ಬದಲು ಈ ನಾಲ್ಕು ಪ್ರಶ್ನೆ ಕಳಿಸಿ.